ದೇಚವ್ವ ಕಿತ್ತುಕೊಂಡ ಕೋವಿ

ತುಂಬಾ ಹಿಂದೆ, ಕಾವೇರಿ ಇನ್ನೂ ಲಂಗ ಎತ್ತಿ ದಾಟುವಷ್ಟು ಸಣ್ಣವಳಾಗಿರುವ ಕಡೆ, ಒಂದು ಊರಿತ್ತಂತೆ. ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರು ಯಾರಾದರೂ ಎದ್ದು, ಕಥೆ ಹಾಗಲ್ಲ ಹೀಗೆ ಅಂತ ಶುರು ಮಾಡುತ್ತಾರೆ. ಆಮೇಲೆ ಬೆಳಗಾದರೂ ಮುಗಿಯುವುದಿಲ್ಲ.

ಆ ಊರಿನಲ್ಲಿ ದೇಚವ್ವ ಅಂತ ಒಬ್ಬಳಿದ್ದಳಂತೆ. ಗಂಡ ತೀರಿಹೋದ ಮೇಲೆ ಗದ್ದೆ ನೋಡಿದವಳು ಅವಳೇ, ಬೇಟೆಗೆ ಹೋದವರ ಜೊತೆ ಹೋಗಿ ಮಾಂಸದ ಪಾಲು ಹಾಕಿದವಳೂ ಅವಳೇ. ಅವಳ ಗುರಿಯ ಬಗ್ಗೆ ಜನ ಏನೇನೋ ಹೇಳುತ್ತಾರೆ. ಕಿತ್ತಳೆಹಣ್ಣಿಗೆ ಏಟು ಬೀಳದ ಹಾಗೆ ತೊಟ್ಟನ್ನು ಮಾತ್ರ ಹಾರಿಸುತ್ತಿದ್ದಳಂತೆ. ಹಾರುವ ಗಿಡುಗನ ಒಂದೇ ಗರಿ ಉದುರಿಸುತ್ತಿದ್ದಳಂತೆ. ಗಿಡುಗನ ಮಾತು ನಂಬುವವರು ನಂಬಲಿ. ಹಂದಿಯ ಮಾತು ಮಾತ್ರ ನಿಜ. ಆ ಹಂದಿಯನ್ನು ಹೊತ್ತವರ ಬಾಯಿಂದಲೇ ಅದು ಇಳಿದು ಬಂದದ್ದು.

ದೇಚವ್ವನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗ ಬಿದ್ದಪ್ಪ. ಮಗಳು ಚೋಂದವ್ವ. ಚೋಂದವ್ವನ ಗಂಡ ಮಂದಣ್ಣ, ಹೊಳೆಯ ಆಚೆಯ ಮನೆಯವನು. ಬಿದ್ದಪ್ಪನೂ ಮಂದಣ್ಣನೂ ಒಂದೇ ತಟ್ಟೆಯಲ್ಲಿ ಉಂಡವರಂತೆ. ಎಲ್ಲ ಕೆಟ್ಟದ್ದು ಕೋವಿಯಿಂದ.

ಬಿದ್ದಪ್ಪನ ಹತ್ತಿರ ಅಪ್ಪನ ಕಾಲದ ಚಿಲಕದ ಕೋವಿ ಇತ್ತು. ಪ್ರತಿ ಗುಂಡಿಗೂ ಚಿಲಕ ಎತ್ತಬೇಕು, ಎಳೆಯಬೇಕು, ತಳ್ಳಬೇಕು, ಮಡಚಬೇಕು. ಊರು ಬಿಟ್ಟು ಹೊರಟ ಒಬ್ಬ ತೋಟದ ದೊರೆ ಮಂದಣ್ಣನಿಗೆ ಬೇರೆ ತರಹದ್ದೊಂದನ್ನು ಕೊಟ್ಟುಹೋದನಂತೆ. ಬೆರಳಲ್ಲಿ ಕುದುರೆ ಎಳೆದರೆ ಗುಂಡು ಹಾರುತ್ತದೆ, ಖಾಲಿ ತೋಟಾ ತಾನೇ ಹೊರಗೆ ಬೀಳುತ್ತದೆ, ಹೊಸದು ತಾನೇ ಒಳಗೆ ಕೂರುತ್ತದೆ. ಮತ್ತೆ ಎಳೆದರೆ ಮತ್ತೆ ಗುಂಡು. ಊರವರು ಅದಕ್ಕೆ ತಂತಾನೆ ಕೋವಿ ಅಂತ ಹೆಸರಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ. ಗುಂಡು ನಳಿಗೆ ಬಿಡುವ ಹೊತ್ತಿಗೆ ಒಳಗೆ ಗಡಿಯಾರದ ಹಾಗೆ ಏನೇನೋ ಓಡಾಡುವ ಕೋವಿ ಗುರಿ ಹಿಡಿಯುತ್ತದಾ ಅಂತ ಬಿದ್ದಪ್ಪ. ಒಂದೊಂದು ಗುಂಡಿಗೂ ಕೆನ್ನೆ ಎತ್ತಿ, ಕೈ ಬಿಟ್ಟು ಚಿಲಕ ಜಗ್ಗುವವನು ಎರಡನೆಯದನ್ನು ಅದೇ ಜಾಗಕ್ಕೆ ಹೊಡೆಯುತ್ತಾನಾ ಅಂತ ಮಂದಣ್ಣ. ಊಟಕ್ಕೆ ಕೂತರೆ ಅದೇ. ನಾಟಿಗೆ ಇಳಿದರೆ ಅದೇ. ಸತ್ತವರ ಮನೆಯಲ್ಲಿ ಹೆಣದ ಪಕ್ಕ ಕೂತೂ ಅದೇ. ಚೋಂದವ್ವನಿಗೆ ಗಂಡುಮಗು ಹುಟ್ಟಿದಾಗ ಪದ್ಧತಿಯಂತೆ ಅಂಗಳದಲ್ಲಿ ಒಂದು ಗುಂಡು ಹಾರಿಸಿ ಊರಿಗೆ ತಿಳಿಸಬೇಕಲ್ಲ? ಯಾವ ಕೋವಿ ಅಂತ ಮಾವನೂ ಅಪ್ಪನೂ ಕಿತ್ತಾಡಿದರು. ಬೆಳಿಗ್ಗೆ ಹುಟ್ಟಿದ ಮಗುವಿನ ಸುದ್ದಿ ಊರಿಗೆ ಗೊತ್ತಾದದ್ದು ಸಂಜೆಗಂತೆ.

ದೇಚವ್ವನಿಗೆ ತಲೆ ಚಿಟ್ಟು ಹಿಡಿಯಿತು. ಒಂದು ದಿನ ಇಬ್ಬರನ್ನೂ ಗದ್ದೆಗೆ ಎಳೆದುಕೊಂಡು ಹೋಗಿ, ಹಲಸಿನ ಹಲಗೆ ನಿಲ್ಲಿಸಿ, ಹೊಡೆಯಿರಿ, ಇವತ್ತಿಗೆ ಮುಗಿಯಲಿ ಅಂದಳಂತೆ. ಬಿದ್ದಪ್ಪನ ತೂತುಗಳೆಲ್ಲ ಒಂದು ಅಂಗೈಯಡಿ ಮುಚ್ಚುವ ಹಾಗಿದ್ದವು. ಮಂದಣ್ಣನವು ಸ್ವಲ್ಪ ಚೆದುರಿದ್ದವು. ಮುಗಿಯಿತಾ? ಇಲ್ಲ. ತೋಟಾ ಹಳೆಯದು ಅಂದ ಮಂದಣ್ಣ. ಒಳ್ಳೇ ತೋಟಾ ಹಾಕಿ ಹೊಡೆದ, ಅವನವೂ ಹೆಚ್ಚುಕಡಿಮೆ ಅಂಗೈಯೊಳಗೇ ಬಂದವು. ಹೆಚ್ಚುಕಡಿಮೆ ಅಂದರೇನು ಅಂತ ಬಿದ್ದಪ್ಪ ಹಲಗೆಗೆ ಮೂಗು ತಾಗಿಸಿ ನಿಂತ. ದೇಚವ್ವ ಕೋವಿ ಅದಲುಬದಲು ಮಾಡಿಸಿದಳು. ಇಬ್ಬರೂ ಹಲಗೆ ಬಿಟ್ಟು ಗದ್ದೆಯ ಬದುವಿಗೆ ಹೊಡೆದರು. ನೋಡಿದೆಯಾ ನಿನ್ನ ಕೋವಿಯ ಯೋಗ್ಯತೆ ಅಂತ ಇಬ್ಬರೂ ಒಟ್ಟಿಗೇ ಅಂದರಂತೆ. ದೇಚವ್ವ ಆ ಹಲಗೆ ಹೊತ್ತುಕೊಂಡು ಹೋಗಿ, ಸೀಳಿ ಒಲೆಗೆ ಹಾಕಿದಳು.

ಆಮೇಲೆ ಮಂದಣ್ಣ ಹೊಳೆ ದಾಟಿ ಬರುವುದನ್ನು ಬಿಟ್ಟ. ಹೆಂಡತಿಯನ್ನೂ ಕಳಿಸಲಿಲ್ಲ. ಮೊಮ್ಮಗ ಆಚೆ ದಡದಲ್ಲಿ ಅಳುವುದು ದೇಚವ್ವನಿಗೆ ಈಚೆ ದಡದಲ್ಲಿ ಕೇಳಿಸುತ್ತಿತ್ತಂತೆ. ಎರಡು ಕಬ್ಬಿಣದ ನಳಿಗೆಗೋಸ್ಕರ ನಾನು ಮಗು ಎತ್ತಿಕೊಳ್ಳುವ ಹಾಗಿಲ್ಲವಲ್ಲ ಅಂತ ಭತ್ತ ಕುಟ್ಟುವಾಗ ಒನಕೆಯ ಹತ್ತಿರ ಹೇಳಿಕೊಳ್ಳುತ್ತಿದ್ದಳಂತೆ.

ಆ ವರ್ಷ ಒಂದು ಒಂಟಿ ಹಂದಿ ಬಂತು. ಕರುವಿನಷ್ಟು ಎತ್ತರ ಅನ್ನುತ್ತಾರೆ, ಎಮ್ಮೆಯಷ್ಟು ಅನ್ನುವವರೂ ಇದ್ದಾರೆ. ಗದ್ದೆ ಉತ್ತುಹಾಕಿತು, ಕಾವಲಿನವನ ತೊಡೆ ಸೀಳಿತು. ಊರು ಸೇರಿ ಬೇಟೆಗೆ ಹೊರಟಿತು. ಬೇಟೆಗೆ ಎರಡು ದಡದವರೂ ಬರಲೇಬೇಕು, ಹಾಗಾಗಿ ಮಂದಣ್ಣನೂ ಬಂದ. ದೇಚವ್ವ ಮಂಡಿನೋವು ಕಟ್ಟಿಕೊಂಡು ಹಿಂದೆ ಗುಡ್ಡ ಹತ್ತಿದಳು.

ನಾಯಿಗಳು ಹಂದಿಯನ್ನು ಏಲಕ್ಕಿ ಕಾಡಿನಿಂದ ಎಬ್ಬಿಸಿದವು. ಬಿದ್ದಪ್ಪ ಒಂದು ಹೊಡೆದ. ಮಂದಣ್ಣ ಪಟಪಟ ಅಂತ ಹೊಡೆದ. ಹಂದಿ ಮುಗ್ಗರಿಸಿ, ಎದ್ದು, ಹೊಳೆಯ ಕಡೆಯ ಪೊದೆಗೆ ನುಗ್ಗಿತು. ಗಾಯದ ಹಂದಿಯನ್ನು ಬಿಡಬಾರದು, ಹೊಡೆದವನು ಜಾಡು ಹಿಡಿದು ಹೋಗಬೇಕು. ಇವರು ಹೋದರಾ? ರಕ್ತದ ಎಲೆ ಹಿಡಿದುಕೊಂಡು, ಮೊದಲು ತಾಗಿದ್ದು ನನ್ನದು, ಇಲ್ಲ ನನ್ನದು, ಅಂತ ನಿಂತರಂತೆ.

ದೇಚವ್ವ ಏದುಸಿರು ಬಿಡುತ್ತ ಬಂದವಳು, "ಅಯ್ಯೋ ಪಾಪಿಗಳಾ, ಹಂದಿ ಎಲ್ಲಿ?" ಅಂತ ಕೇಳಿದಳು.

ಅಷ್ಟರಲ್ಲಿ ಕೆಳಗಿಂದ ಕಿರುಚಾಟ ಕೇಳಿಸಿತು. ಚೋಂದವ್ವ ಬೇಟೆಯವರಿಗೆ ಬುತ್ತಿ ಹೊತ್ತು ಹೊಳೆದಾರಿಯಲ್ಲಿ ಬರುತ್ತಿದ್ದಳು. ಹಂದಿ ಪೊದೆಯಿಂದ ಹೊರಬಿದ್ದು ಅವಳನ್ನು ಕೆಡವಿ, ಕಾಲು ಸೀಳಿ, ತಿರುಗಿ ಮತ್ತೆ ಬರುತ್ತಿತ್ತು. ಇಬ್ಬರೂ ಕೋವಿ ಎತ್ತಿದರು. ಮೇಲಿಂದ ನೋಡಿದರೆ ಹಂದಿಯ ತಲೆ ಎಲ್ಲಿ, ಚೋಂದವ್ವನ ತಲೆ ಎಲ್ಲಿ, ನಡುವೆ ಒಂದು ಮೊಳವಿಲ್ಲ. ಬಿದ್ದಪ್ಪ ಎತ್ತಿದ ಕೋವಿ ಇಳಿಸಿದ. ಮಂದಣ್ಣನ ಬೆರಳು ಮಡಚಲಿಲ್ಲ. ನೀನು ಹೊಡಿ ಅಂದ ಒಬ್ಬ. ನೀನೇ ಹೊಡಿ ಅಂದ ಇನ್ನೊಬ್ಬ. ಅಷ್ಟು ಕಾಲ ಊರಿನ ತಲೆ ತಿಂದವರಲ್ಲಿ ಒಬ್ಬನಿಗೂ ತನ್ನ ಕೋವಿಯ ಮೇಲೆ ಅಷ್ಟು ನಂಬಿಕೆ ಬರಲಿಲ್ಲವಂತೆ.

ಒಬ್ಬರ ಕೈಗೊಬ್ಬರು ಕೋವಿ ತುರುಕುತ್ತಿದ್ದ ಆ ಗಡಿಬಿಡಿಯಲ್ಲಿ ದೇಚವ್ವ ಯಾರ ಕೈಯಿಂದಲೋ ಒಂದನ್ನು ಕಿತ್ತುಕೊಂಡಳು. ಮಂಡಿನೋವು ಮರೆತು ನೆಲಕ್ಕೆ ಮಂಡಿಯೂರಿದಳು. ಹಿಡಿ ಇನ್ನೂ ಇನ್ನೊಬ್ಬರ ಬೆವರಿಗೆ ಬೆಚ್ಚಗಿತ್ತು. ಮಗಳ ಕೂದಲು ಕಾಣುತ್ತಿತ್ತು, ಅದನ್ನು ನೋಡಬಾರದು ಅಂದುಕೊಂಡಳು. ಹಂದಿಯ ಕಿವಿಯ ಹಿಂದಿನ ಒಂದು ಹಿಡಿ ಜಾಗವನ್ನಷ್ಟೇ ನೋಡಿದಳು. ಒಂದೇ ಗುಂಡು. ಹಂದಿ ಚೋಂದವ್ವನ ಪಾದದ ಮೇಲೆ ಕುಸಿಯಿತು.

ಎಲ್ಲರೂ ಓಡಿ ಇಳಿದರು. ದೇಚವ್ವ ಸೆರಗು ಹರಿದು ಮಗಳ ಕಾಲಿಗೆ ಕಟ್ಟುತ್ತಿದ್ದಳು. ಮಗಳು ಅಳುತ್ತಿದ್ದಳು, ತಾಯಿಯೂ ಅಳುತ್ತಿದ್ದಳು. ಆಗ, ಕೇಳಿ, ಆಗ ಮಂದಣ್ಣ ಮೆಲ್ಲಗೆ ಹತ್ತಿರ ಬಂದು, "ಅತ್ತೇ, ನೀವು ತಗೊಂಡಿದ್ದು ನನ್ನದಲ್ಲವಾ?" ಅಂದನಂತೆ.

ದೇಚವ್ವ ತಲೆ ಎತ್ತಿದಳು. ಅವಳಿಗೂ ಅದು ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ.

"ಹೊಡೆದ ಮೇಲೆ ಹೋಗಿ ನೋಡಬೇಕು ಕಣೋ," ಅಂದಳು. "ಅದು ಬಾರದವರ ಕೈಯಲ್ಲಿ ಯಾವ ಕೋವಿ ಇದ್ದರೇನು? ಇವಳನ್ನು ಎತ್ತಿ. ಇಬ್ಬರೂ ಎತ್ತಿ. ಮನೆ ಸೇರುವ ತನಕ ಒಬ್ಬನ ಬಾಯಿ ತೆರೆದರೂ ಹಂದಿಯ ಜೊತೆ ನಿಮ್ಮನ್ನೂ ಪಾಲು ಹಾಕುತ್ತೇನೆ."

ಇಬ್ಬರೂ ಚೋಂದವ್ವನನ್ನು ಹೊತ್ತು ಹೊಳೆ ದಾಟಿಸಿದರು. ತಾಯಿಯ ಮನೆಗೇ ತಂದರು. ಕಾಲು ಉಳಿಯಿತು, ಕುಂಟು ಹೋಗಲಿಲ್ಲ. ಅವಳು ಅಂಗಳದಲ್ಲಿ ಕಾಲೆಳೆದು ನಡೆಯುವಾಗೆಲ್ಲ ಗಂಡನೂ ಅಣ್ಣನೂ ನೆಲ ನೋಡುತ್ತಿದ್ದರಂತೆ. ಮಳೆಗಾಲವೆಲ್ಲ ಮೊಮ್ಮಗ ದೇಚವ್ವನ ಸೊಂಟದ ಮೇಲೆಯೇ ಇದ್ದನಂತೆ. ಯಾವ ಕೋವಿ ಅಂತ ಕೇಳಿದವರಿಗೆಲ್ಲ ಅವಳು ಕೊಟ್ಟ ಉತ್ತರ ಒಂದೇ, ಬಾಗಿಲು ಹಾಕಿಕೊಳ್ಳುವುದು.

ಈಗಲೂ ಆ ಊರಿನಲ್ಲಿ ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ದಿನ, ಪೂಜೆ ಮಾಡಿದ ಕೋವಿ ಎತ್ತಿಕೊಂಡು ಮರದ ತುದಿಯ ತೆಂಗಿನಕಾಯಿಗೆ ಹೊಡೆಯುತ್ತಾರೆ. ಹೊಡೆದವನು ಕೋವಿ ಕೆಳಗಿಟ್ಟು, ಬಾಯಿ ಮುಚ್ಚಿಕೊಂಡು, ಮರದ ಬುಡದ ತನಕ ತಾನೇ ನಡೆದು ಹೋಗಿ ನೋಡಿ ಬರಬೇಕು. ತಾಗಿದರೂ ಅಷ್ಟೇ, ತಾಗದಿದ್ದರೂ ಅಷ್ಟೇ. ಹೋಗಿ ನೋಡು, ಹೋಗಿ ನೋಡು ಅಂತ ಹೆಂಗಸರು ಹಿಂದಿನಿಂದ ಕೂಗುತ್ತಾರೆ. ಅದು ದೇಚವ್ವನ ಹೆಸರಿನಲ್ಲಿ.

ಅದಾದ ಮೇಲೆ ಊಟ. ಮೈದಾನದಿಂದ ಮನೆಗೆ ಬರುವ ದಾರಿಯಲ್ಲಿ, ಅವತ್ತು ಅಜ್ಜಿ ಕಿತ್ತುಕೊಂಡದ್ದು ಚಿಲಕದ ಕೋವಿಯಾ, ತಂತಾನೆ ಕೋವಿಯಾ ಅಂತ ಬಾಯಿ ಬಿಟ್ಟವನಿಗೆ ಕೊನೆಯ ಪಂಕ್ತಿಯಲ್ಲಿ ಎಲೆ. ಮೊದಲ ಪಂಕ್ತಿಯಲ್ಲಿ ಹೆಂಗಸರು ಮಕ್ಕಳು ಕೂತು ನಿಧಾನವಾಗಿ ಉಣ್ಣುತ್ತಾರಂತೆ. ಊರಿನ ಗಂಡಸರು ಪೂರಾ ಹೊರಗೆ ನಿಂತು ಕಾಯುತ್ತಾರಂತೆ, ಇನ್ನೂ ವಾದ ಮಾಡುತ್ತ.