ಇಬ್ಬರು ಸವಾರರ ಮೌನ

ನದಿ ದಂಡೆಯ ಆಶ್ರಮದಿಂದ ಇಬ್ಬರು ಶಿಷ್ಯರು ಎರಡು ಮೋಟಾರ್ ಸೈಕಲ್ ಏರಿ ಮರುಭೂಮಿಗೆ ಹೋದರು. ಕಡಲತೀರ ಹಿಡಿದು ತಿರುಗಿ ಬಂದವನು ಒಬ್ಬ.

ಆಶ್ರಮದವರು ಮೊದಲೇ ಎರಡು ಹಾರ ಹೇಳಿಟ್ಟಿದ್ದರು. ಒಂದನ್ನು ಬಂದವನ ಕೊರಳಿಗೆ ಹಾಕಿದರು, ಇನ್ನೊಂದನ್ನು ಫೋಟೋಕ್ಕೆ. ಯಾವುದೂ ದಂಡವಾಗಲಿಲ್ಲ.

ಬಂದವನು ಕೊಟ್ರೇಶ. ಫೋಟೋದಲ್ಲಿದ್ದವನು ಗವಿಸಿದ್ಧ.

ಕೊಟ್ರೇಶ ಹಾರವನ್ನು ತೆಗೆದು ಗಾಡಿಯ ಹ್ಯಾಂಡಲ್ಲಿಗೆ ಸಿಕ್ಕಿಸಿ, ಗುರುಗಳ ಮುಂದೆ ಬಂದು ಕುಳಿತ. ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

"ಏನು ಕಂಡೆ?"

"ಮರುಭೂಮಿಯಲ್ಲಿ ಬಯಲು ಕಂಡೆ, ಅಜ್ಜಾರೇ. ಕಡಲಿನಲ್ಲಿ..."

"ಅದು ಭಾಷಣಕ್ಕಿರಲಿ. ಗವಿಸಿದ್ಧ ಹೇಗೆ ಹೋದ?"



ಹೊರಡುವ ದಿನ ಇಬ್ಬರೂ ಗುರುಗಳ ಹತ್ತಿರ ಒಂದು ಸಾಧನೆ ಬೇಡಿದ್ದರು. ಗುರುಗಳು ಮೌನ ಕೊಟ್ಟಿದ್ದರು. ಪೆಟ್ರೋಲು ಹಾಕುವವರ ಜೊತೆ, ಊಟ ಹಾಕುವವರ ಜೊತೆ ಮಾತಾಡಬಹುದು. ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ, ಬರೆದು ತೋರಿಸುವಂತಿಲ್ಲ. ದಾರಿಗೆ ಬೇಕಾದಷ್ಟು ಸನ್ನೆ ಸಾಕು.

ಇಂಥ ವ್ರತವನ್ನು ಮುರಿಯದೆ ತಂದವನಿಗೆ ಆಶ್ರಮದಲ್ಲಿ ಒಂದು ಮರ್ಯಾದೆ ಇತ್ತು. ಊಟದ ಪಂಕ್ತಿಯಲ್ಲಿ ಗುರುಗಳ ಪಕ್ಕದ ಎಲೆ ಅವನದು. ಎಲೆ ಒಂದೇ. ಹೋದವರು ಇಬ್ಬರು.

"ಟ್ಯಾಂಕು ತಟ್ಟಿದರೆ ಪೆಟ್ರೋಲು," ಎಂದ ಕೊಟ್ರೇಶ. "ಕಾಲು ಚಾಚಿದರೆ ಗುಂಡಿ. ಕೈ ಎತ್ತಿದರೆ ನಿಲ್ಲು. ಎಲ್ಲಕ್ಕೂ ಸನ್ನೆ ಇತ್ತು, ಅಜ್ಜಾರೇ."

"ಮೈ ಸರಿಯಿಲ್ಲ ಎನ್ನುವುದಕ್ಕೆ?"

"ಇರಲಿಲ್ಲ."

ಗುರುಗಳು ಒಂದು ಬೀಜ ತೆಗೆದು ಪಕ್ಕಕ್ಕಿಟ್ಟರು.

"ಮರಳು ಮುಗಿಯುವ ಮೊದಲೇ ಅವನು ಹಿಂದೆ ಬೀಳತೊಡಗಿದ. ನಿಂತಲ್ಲೆಲ್ಲ ವಾಂತಿ ಮಾಡಿದ. ಅಂಥ ಬಿಸಿಲಲ್ಲೂ ಅವನ ಮೈ ಬೆವರುತ್ತಿರಲಿಲ್ಲ."

"ನೋಡಿದೆಯಾ?"

"ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ."

"ಕೇಳಿದೆಯಾ?"

"ಕೇಳಿದ್ದರೆ ವ್ರತ ಮುರಿಯುತ್ತಿತ್ತು."

"ಯಾರದು?"

"ನನ್ನದು. ಅವನೇ ಮೊದಲು ಬಾಯಿ ಬಿಡಲಿ ಎಂದು ಕಾದೆ."

"ಅವನು?"

"ಅವನೂ ಅದಕ್ಕೇ ಕಾದನೆಂದು ಕಾಣುತ್ತದೆ. ನಾನು ನಿಲ್ಲು ಎಂದು ಕೈ ಎತ್ತಿದರೆ, ನಡಿ ನಡಿ ಎಂದು ಕೈ ಬೀಸುತ್ತಿದ್ದ. ನಗುತ್ತಲೂ ಇದ್ದ."

ದೂರದಲ್ಲಿ ಕಡಲು ಕಂಡಾಗ, ಉಪ್ಪಿನ ಗದ್ದೆಗಳ ಪಕ್ಕ ಗವಿಸಿದ್ಧ ಗಾಡಿ ನಿಲ್ಲಿಸಿ, ಇಳಿದು, ಮಲಗಿಬಿಟ್ಟ. ಸ್ಟ್ಯಾಂಡು ಹಾಕುವುದನ್ನು ಮರೆತಿರಲಿಲ್ಲ.

"ಆಗಲಾದರೂ ಮಾತಾಡಿದೆಯಾ?"

"ಹೆಸರು ಹಿಡಿದು ಕೂಗಿದೆ."

"ಓಗೊಟ್ಟನೇ?"

"ಇಲ್ಲ."

"ಹಾಗಾದರೆ ವ್ರತ ಅವನದೇ ಪೂರ್ತಿಯಾಯಿತು," ಎಂದರು ಗುರುಗಳು. ಅವರ ದನಿಯಲ್ಲಿ ಹೊಗಳಿಕೆ ಇರಲಿಲ್ಲ.

"ಉಪ್ಪಿನ ಗದ್ದೆಯವರು ಕೈ ಹಚ್ಚಿದರು, ಅಲ್ಲೇ ಮಣ್ಣು ಮಾಡಿದೆವು. ಆಮೇಲೆ ಕಡಲ ದಂಡೆಯಲ್ಲೇ ಬಂದೆ. ಬಂದರುಗಳು ಬಂದವು, ಮೀನು ಒಣಹಾಕಿದ ಊರುಗಳು ಬಂದವು. ಯಾವುದನ್ನೂ ಸರಿಯಾಗಿ ನೋಡಲಿಲ್ಲ. ಹೆಲ್ಮೆಟ್ಟಿನೊಳಗೆ ಅವನ ಜೊತೆ ಮಾತಾಡುತ್ತಲೇ ಬಂದೆ, ಅಜ್ಜಾರೇ. ಬಾಯಿ ಒಣಗುವವರೆಗೆ."

ಗುರುಗಳು ಹೊರಗಿನ ಬಿಸಿಲು ನೋಡಿದರು.

"ಅವನ ಅಕ್ಕ ಈರಮ್ಮ ಈಗಿನ ಬಸ್ಸಿಗೆ ಬರುತ್ತಾಳೆ."

"ಬಂದು ಏನು ಕೇಳುತ್ತಾರೆ?"

"ಎಲ್ಲರೂ ಕೇಳುವುದನ್ನೇ. ಕೊನೆಗೆ ಏನಂದ ಅಂತ."

"ನಾನೇನು ಹೇಳಲಿ?"

ಗುರುಗಳು ಹುಣಸೆಹಣ್ಣಿನ ಬುಟ್ಟಿಯನ್ನು ಅವನ ಮುಂದೆ ತಳ್ಳಿದರು. ಇಬ್ಬರೂ ಬೀಜ ಬಿಡಿಸಿದರು.

ಈರಮ್ಮ ಬಂದಳು. ತಂದುಕೊಟ್ಟ ನೀರನ್ನು ಮುಟ್ಟದೆ ಮೆಟ್ಟಿಲ ಮೇಲೆ ಕುಳಿತಳು.

"ಕೊಟ್ರೇಶ, ನನ್ನ ತಮ್ಮ ಕಡೀಕ ಏನಂದ?"

"ನಿಮ್ಮನ್ನು ನೆನೆದ, ಅಕ್ಕ. ನಿಮ್ಮ ಕೈ ರೊಟ್ಟಿ ನೆನೆದ."

ಈರಮ್ಮ ಅವನ ಮುಖವನ್ನೇ ನೋಡಿದಳು.

"ನನ್ನ ರೊಟ್ಟಿ ಅವಗ ಸೇರ್ತಿದ್ದಿಲ್ಲ. ದಪ್ಪ ಬಡೀತಿ ಅಂತ ದಿನಾ ಜಗಳ ತೆಗೀತಿದ್ದ. ಖರೇ ಹೇಳು."

ಕೊಟ್ರೇಶ ಗುರುಗಳತ್ತ ನೋಡಿದ. ಗುರುಗಳು ನೆಲ ನೋಡುತ್ತಿದ್ದರು.

"ಏನೂ ಅನ್ನಲಿಲ್ಲ, ಅಕ್ಕ. ಇಲ್ಲಿಂದ ಹೊರಟ ಮೇಲೆ ನಾವಿಬ್ಬರೂ ಮಾತೇ ಆಡಿರಲಿಲ್ಲ. ಮೌನದ ವ್ರತ ಇತ್ತು. ಅವನಿಗೆ ಮೈ ಸರಿಯಿಲ್ಲದ್ದು ನನಗೆ ಕಂಡಿತು. ನಾನು ಕೇಳಲಿಲ್ಲ."

ಈರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಿದ್ದ್ಯಾಗೂ ಮಾತಾಡ್ತಿದ್ದ ಹುಡುಗ. ಬಸ್ಸಿನ್ಯಾಗ ಯಾರ ಬಾಜೂಕ ಕುಂತ್ರೂ, ಇಳಿಯೋದ್ರಾಗ ಅವರ ಬಳಗ ಎಲ್ಲಾ ಕೇಳಿ ಮುಗಿಸಿರ್ತಿದ್ದ. ಅಂಥವನ ಬಾಯಿ ಕಟ್ಟಿದವರು ಯಾರು?"

"ನಾನು, ತಾಯಿ," ಎಂದರು ಗುರುಗಳು.

"ಯಾಕ್ರೀ ಅಜ್ಜಾರ?"

ಮೌನದ ಮಹಿಮೆಯ ಮೇಲೆ ಗುರುಗಳು ಮಾಡುವ ಪ್ರವಚನ ಕೇಳಲು ದೂರದೂರದಿಂದ ಜನ ಬರುತ್ತಿದ್ದರು. ಅದರಲ್ಲಿ ಈ ಹೆಂಗಸಿನ ಮುಂದೆ ಇಡಬಹುದಾದ ಒಂದು ವಾಕ್ಯವೂ ಅವರಿಗೆ ಸಿಗಲಿಲ್ಲ.

"ಗೊತ್ತಿಲ್ಲ, ತಾಯಿ."

ಈರಮ್ಮ ಎದ್ದಳು. ಊಟಕ್ಕೆ ಕರೆದರೆ ಒಲ್ಲೆ ಎಂದಳು. ಸಂಜೆಯ ಬಸ್ಸಿಗೆ ಈಗಲೇ ಹೋಗಿ ರಸ್ತೆಯಲ್ಲಿ ನಿಂತಳು. ಅಲ್ಲಿ ನೆರಳಿರಲಿಲ್ಲ.

ಊಟದ ಗಂಟೆ ಕೇಳಿಸಿತು. ಒಳಗೆ ಗುರುಗಳ ಪಕ್ಕಕ್ಕೆ ಯಾರೋ ಕೊಟ್ರೇಶನ ಎಲೆ ಹಾಕಿದ್ದರು. ಗವಿಸಿದ್ಧ ಹೋದ ಸುದ್ದಿ ಗೊತ್ತಿದ್ದೂ ಹಾಕಿದ್ದರು; ಪದ್ಧತಿ ಪದ್ಧತಿಯೇ.

ಕೊಟ್ರೇಶ ಅತ್ತ ಹೋಗಲಿಲ್ಲ.

"ನನಗೊಂದು ಪ್ರಾಯಶ್ಚಿತ್ತ ಹೇಳಿ, ಅಜ್ಜಾರೇ. ಒಂದು ವರ್ಷ ಮೌನ ಹಿಡಿಯುತ್ತೇನೆ."

ಗುರುಗಳು ಎದ್ದು ಹೋಗಿ ಗಾಡಿಯ ಹ್ಯಾಂಡಲ್ಲಿನಿಂದ ಬಾಡಿದ ಹಾರ ಬಿಡಿಸಿದರು. ಈರಮ್ಮ ಮುಟ್ಟದ ನೀರನ್ನು ಬಾಟಲಿಗೆ ತುಂಬಿ ಅವನ ಕೈಗಿಟ್ಟರು.

"ಆಕೆಯನ್ನು ಊರಿಗೆ ಬಿಟ್ಟು ಬಾ."

"ಅವರು ನನ್ನ ಗಾಡಿ ಹತ್ತುತ್ತಾರೆಯೇ?"

"ಹತ್ತಲಿಕ್ಕಿಲ್ಲ. ಬಸ್ಸು ಬರುವ ತನಕ ಜೊತೆಗೆ ಬಿಸಿಲಲ್ಲಿ ನಿಲ್ಲು. ಆಗಾಗ ಕೇಳುತ್ತಿರು, ಹೆಂಗದೀಯಕ್ಕ, ನೀರು ಬೇಕೇನಕ್ಕ ಅಂತ."