ಬೆನ್ನುಹುರಿಗೆ ಬಿದ್ದ ಬೈಗುಳ

ಆರಿರಬಹುದು ಎಂದುಕೊಂಡು ಅಡುಗೆಯ ಗಂಗಕ್ಕ ಕಾದ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿದಳು. ಬೆನ್ನುಹುರಿ ತಟ್ಟನೆ ಕೈಯನ್ನು ಹಿಂದಕ್ಕೆಳೆಯಿತು. ಪಾತ್ರೆ ಉರುಳಿ, ಮನೆಗೆ ಬಂದ ನೆಂಟರ ಕಣ್ಣೆದುರೇ ಹಾಲೆಲ್ಲ ನೆಲದ ಪಾಲಾಯಿತು.

ಮಿದುಳು ಕೆಂಡಾಮಂಡಲವಾಯಿತು. "ನನ್ನನ್ನು ಕೇಳದೆ ಕೈ ಎಳೆಯಲು ನೀನು ಯಾರು?"

"ಬಿಸಿ ತಾಗಿದ ಸುದ್ದಿ ಮೊದಲು ಬರುವುದು ನನ್ನ ಬಳಿಗೆ," ಎಂದಿತು ಬೆನ್ನುಹುರಿ. "ನಿಮ್ಮ ಅಪ್ಪಣೆಗೆ ಕಾಯುತ್ತ ಕೂತಿದ್ದರೆ ಬೆರಳು ಬೆಂದುಹೋಗುತ್ತಿತ್ತು."

"ಬೇಯಲಿ! ನೆಂಟರ ಮುಂದೆ ನನ್ನ ಮಾನ ಹೋಯಿತಲ್ಲ!"

"ಮಾನ ನಿಮ್ಮದು, ಚರ್ಮ ಬೆರಳಿನದು. ಬುರುಡೆಯೊಳಗೆ ಭದ್ರವಾಗಿ ಕೂತ ನಿಮ್ಮನ್ನು ಕೊಯ್ದರೂ ನಿಮಗೆ ನೋವಾಗುವುದಿಲ್ಲ. ಆ ಉರಿ ನಿಮಗೇನು ಗೊತ್ತು?"

"ಬಾಯಿ ಮುಚ್ಚು! ಇನ್ನು ಮೇಲೆ ನಾನು ಹೇಳುವ ತನಕ ಕೈ ಎಳೆಯಕೂಡದು."

ಸ್ವಲ್ಪ ಹೊತ್ತಿಗೆ ಬೇರೆ ಹಾಲು ಉಕ್ಕಿ ಬಂತು. ಗಂಗಕ್ಕ ಅವಸರದಲ್ಲಿ ಮತ್ತೆ ಬರಿಗೈಯಲ್ಲೇ ಪಾತ್ರೆ ಹಿಡಿದಳು. ಕೈ ಚುರುಗುಟ್ಟಿದರೂ ಹಲ್ಲು ಕಚ್ಚಿ ಕೆಳಗಿಳಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. "ಎಂಥ ಗಟ್ಟಿ ಮನಸ್ಸು!" ಎಂದು ನೆಂಟರು ಹೊಗಳಿದರು. ಮಿದುಳು ಹಿಗ್ಗಿತು.

ಮರುದಿನ ಬೆಳಿಗ್ಗೆ ಅದು ಅಪ್ಪಣೆ ಕೊಟ್ಟಿತು: "ಸೌಟು ಹಿಡಿ."

ಬೆನ್ನುಹುರಿ ಒಂದಕ್ಷರ ತಪ್ಪದೆ ಅಪ್ಪಣೆಯನ್ನು ಕೆಳಗೆ ದಾಟಿಸಿತು. ಬೊಬ್ಬೆ ಎದ್ದ ಬೆರಳುಗಳು ಬಾಗಲಿಲ್ಲ.