ಹೆಬ್ಬೆರಳಗಲದ ಜಾಗ

"ಗುರುಗಳೇ, ನಾವು ನೋಯಿಸಿದವರ ಮನಸ್ಸು ತಿಳಿಯಾಗಬೇಕಾದರೆ ಅವರಿಗಾಗಿ ಇನ್ನೆಷ್ಟು ಮಾಡಬೇಕು?"

ಕೇಳಿದವನು ನಿಜಗುಣ, ಮಠದ ಶಿಷ್ಯ. ಪಾಠದ ಹೊತ್ತಿನಲ್ಲಿ ಜೊತೆಯ ಶಿಷ್ಯ ಮರುಳಯ್ಯನ ತೊದಲನ್ನು ಅಣಕಿಸಿ ಎಲ್ಲರನ್ನೂ ನಗಿಸಿದ್ದ. ಅಂದಿನಿಂದ ಮರುಳಯ್ಯ ಪಾಠದಲ್ಲಿ ಬಾಯಿ ಬಿಟ್ಟಿರಲಿಲ್ಲ. ನಿಜಗುಣ ಅವನ ಪಾಲಿನ ನೀರು ಹೊತ್ತ, ಅವನ ಹಾಸಿಗೆ ಕೊಡವಿದ, ಅವನ ಬಟ್ಟೆ ಒಗೆದ. ಈಗಲೂ ಮರುಳಯ್ಯನ ಬಟ್ಟೆಯ ಗಂಟು ಇವನ ಕಂಕುಳಲ್ಲಿತ್ತು. ನಿಂತಲ್ಲಿ ನಿಲ್ಲಲಾರದೆ ಕಂಬದಿಂದ ಕಂಬಕ್ಕೆ ಸರಿಯುತ್ತಿದ್ದ. ಗುರುಗಳು ಕೂರು ಎಂದರು. ಗಂಟನ್ನು ಕೆಳಗಿಡದೆಯೇ ಕೂತ. ಗುರುಗಳು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಹೆಂಗಸಿದ್ದಳು. ಫೋಟೋ ಆಲ್ಬಮ್ಮುಗಳಿಗೆ ಅಂಟಿಸುವ ಅಲಂಕಾರದ ಟ್ಯಾಗುಗಳನ್ನು ಮಾಡುವುದು ಅವಳ ಕೆಲಸ. ದಪ್ಪ ಕಾಗದವನ್ನು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ ಹಳೆಯ ಬಣ್ಣ ಬರಿಸುತ್ತಿದ್ದಳು. ಮೇಲಿನ ಎರಡು ಮೂಲೆ ಕತ್ತರಿಸಿ, ನಡುವೆ ತೂತು ಕೊರೆದು ದಾರ ಪೋಣಿಸುತ್ತಿದ್ದಳು. ಆಮೇಲೆ ಹಳೆಯ ಸೀರೆಯ ಜರಿ, ಪುಸ್ತಕದ ನಡುವೆ ಒತ್ತಿ ಒಣಗಿಸಿದ ಹೂವು, ಲೇಸಿನ ಚೂರು, ಹೀಗೆ ಒಂದರ ಮೇಲೊಂದು ಅಂಟಿಸುತ್ತಿದ್ದಳು. ಆದರೆ ಪ್ರತಿ ಟ್ಯಾಗಿನಲ್ಲೂ ಹೆಬ್ಬೆರಳಗಲದಷ್ಟು ಜಾಗವನ್ನು ಬರಿದಾಗಿ ಬಿಡುತ್ತಿದ್ದಳು. ಹಿಂಬದಿಗೆ ಹೇಗೂ ಅಂಟು ಬೀಳುತ್ತದೆ. ಕೊಡುವವರು ತಮ್ಮ ಮಾತನ್ನು ತಮ್ಮ ಕೈಯಿಂದಲೇ ಬರೆಯಬೇಕಾದ ಜಾಗ ಅದೊಂದೇ. ಅಲ್ಲೂ ಒಂದು ಹೂವಿಡಿ ಎಂದು ಕೇಳಿದವರನ್ನು ಅವಳು ಗದರಿಸಿ ಕಳಿಸುತ್ತಿದ್ದಳು.

ಈ ಕೆಲಸವನ್ನೂ ಈ ಕಟ್ಟಳೆಯನ್ನೂ ಅವಳಿಗೆ ಕಲಿಸಿದವಳು ಅವಳ ಅಕ್ಕ. ಅಕ್ಕನ ಕೈ ಸ್ವಲ್ಪ ಅದುರುತ್ತಿತ್ತು. ಒಮ್ಮೆ ಗಿರಾಕಿಗಳ ಎದುರು ಅಕ್ಕ ಕತ್ತರಿಸಿದ ಟ್ಯಾಗನ್ನು ಎತ್ತಿ ಹಿಡಿದು, ಇದು ಕತ್ತರಿಯ ಕೆಲಸವಲ್ಲ, ಇಲಿಯ ಕೆಲಸ ಎಂದುಬಿಟ್ಟಳು ತಂಗಿ. ಬಂದವರು ಹೊಟ್ಟೆ ಹಿಡಿದು ನಕ್ಕರು. ಅಕ್ಕನೂ ನಕ್ಕಂತೆ ಮಾಡಿದಳು. ಕತ್ತರಿಯನ್ನು ಮೇಜಿನ ಮೇಲಿಟ್ಟು ತನ್ನ ಮನೆಗೆ ಹೋದಳು. ಮತ್ತೆ ಅದನ್ನು ಮುಟ್ಟಲಿಲ್ಲ, ತಂಗಿಯ ಮನೆಯ ಹೊಸಿಲನ್ನೂ ತುಳಿಯಲಿಲ್ಲ.

ವರ್ಷಗಳು ಹೋದವು. ಅಕ್ಕನಿಗೆ ಅರವತ್ತು ತುಂಬುವ ಹೊತ್ತಿಗೆ ಮನೆಯವರು ಒಂದು ಆಲ್ಬಮ್ ಮಾಡಿಸಲು ಹೊರಟರು. ಬೇಕಾದವರೆಲ್ಲ ಒಂದೊಂದು ಫೋಟೋ, ಒಂದೊಂದು ಟ್ಯಾಗು ಕೊಡಬೇಕು. ಅಕ್ಕನ ಮಗಳು ಚಿಕ್ಕಮ್ಮನ ಬಳಿ ಬಂದಳು. ನಿನಗೂ ಒಂದು ಪುಟ ಬಿಡಿ ಅಂತ ಅಮ್ಮನೇ ಹೇಳಿದ್ದಾರೆ, ಆದರೆ ಹುಟ್ಟುಹಬ್ಬ ಕಳೆದ ಮೇಲೆ ಪುಟಗಳನ್ನು ಹೊಲಿದುಬಿಡುತ್ತಾರೆ, ಖಾಲಿ ಉಳಿದದ್ದನ್ನು ತೆಗೆದುಹಾಕುತ್ತಾರೆ ಎಂದಳು.

ಅಕ್ಕ ತಾನಾಗಿ ಬಾಗಿಲು ತೆರೆದಿದ್ದಳು. ತಂಗಿಗೆ ಕಣ್ಣು ತುಂಬಿ ಬಂತು. ಆ ಗಳಿಗೆಯಲ್ಲೇ ಕಾಗದ ಹರವಿ ಕೂತಳು.

ಮೊದಲ ಟ್ಯಾಗು ಬೇಗ ಆಯಿತು. ಬರಿದಾದ ಜಾಗವೊಂದು ಉಳಿಯಿತು. ಅವಳು ಪೆನ್ನು ಹಿಡಿದಳು, ಕೆಳಗಿಟ್ಟಳು. ಎದ್ದು ಹೋಗಿ ನೀರು ಕುಡಿದು ಬಂದಳು. ಆ ಜಾಗ ಅವಳನ್ನು ಕೂರಗೊಡಲಿಲ್ಲ. ಲೇಸು ಯಾಕೋ ಮಂಕಾಯಿತು ಎಂದು ಇನ್ನೊಂದು ಟ್ಯಾಗು ಮಾಡಿದಳು. ಅದರ ದಾರ ಒಪ್ಪಲಿಲ್ಲ. ಮತ್ತೊಂದು ಮಾಡಿದಳು. ಒಲೆಯ ಮೇಲೆ ಹಾಲು ಉಕ್ಕಿತು, ಗಿರಾಕಿಗಳು ಬಂದು ಕಾದು ಹೋದರು, ಅವಳ ಕೈ ಮಾತ್ರ ನಿಲ್ಲಲಿಲ್ಲ. ಅಕ್ಕನ ಮಗಳು ಬಾಗಿಲಿಗೆ ಬಂದು ಕೇಳಿದಾಗಲೆಲ್ಲ, ಇನ್ನೊಂದು ಚೂರು ಜರಿ ಉಳಿದಿದೆ ಎಂದು ಕಳಿಸಿದಳು. ಹುಟ್ಟುಹಬ್ಬವೂ ಬಂತು. ಅಂದು ಅವಳು ಜನ್ಮದಲ್ಲೇ ಮಾಡದಂಥ ಚಂದದ ಟ್ಯಾಗೊಂದನ್ನು ಮುಗಿಸಿದಳು. ಹೆಬ್ಬೆರಳಗಲದ ಜಾಗಕ್ಕೆ ತನ್ನಲ್ಲಿದ್ದ ಅತಿ ಒಳ್ಳೆಯ ಹೂವನ್ನು ಅಂಟಿಸಿದಳು. ಅದನ್ನು ಹುಡುಗಿಯ ಕೈಗಿಟ್ಟಾಗ ಅವಳ ಎದೆಯ ಭಾರ ಇಳಿದಂತಾಯಿತು. ಇಷ್ಟು ಮಾಡಿದ ಮೇಲೆ ಹೇಳುವುದಕ್ಕೆ ಏನು ಉಳಿದಿದೆ ಎಂದುಕೊಂಡಳು.

ಸಂಜೆಯೊಳಗೆ ಹುಡುಗಿ ತಿರುಗಿ ಬಂದಳು. ಟ್ಯಾಗು ಅವಳ ಕೈಯಲ್ಲೇ ಇತ್ತು.

"ಅಮ್ಮ ಇದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಚಿಕ್ಕಮ್ಮ. ತುಂಬ ಚೆನ್ನಾಗಿದೆ, ಯಾವ ಅಂಗಡಿಯಲ್ಲಿ ಕೊಂಡೆ ಅಂತ ಕೇಳಿದರು. ಚಿಕ್ಕಮ್ಮನೇ ಮಾಡಿದ್ದು ಅಂದೆ. ಅಲ್ಲ, ಅವಳು ಮಾಡಿದ್ದರೆ ಜಾಗ ಬಿಡುತ್ತಿದ್ದಳು ಅಂದರು."

ಪುಟ ಇನ್ನೂ ಖಾಲಿ ಇದೆ, ಬೆಳಿಗ್ಗೆ ಹೊಲಿಯುವವನು ಬರುತ್ತಾನೆ ಎಂದೂ ಹೇಳಿದಳು.

ತಂಗಿಗೆ ನಾಚಿಕೆಯಾಯಿತು. ಹೂವನ್ನು ಕೀಳಲು ಹೋದಳು, ಕಾಗದವೂ ಕಿತ್ತು ಬಂತು. ಡಿಕಾಕ್ಷನ್ನಿನಲ್ಲಿ ಅದ್ದಲು ಹೊತ್ತಿರಲಿಲ್ಲ. ಕೈಗೆ ಸಿಕ್ಕ ಬಿಳಿ ಕಾಗದವನ್ನೇ ಕತ್ತರಿಸಿದಳು. ಕೈ ನಡುಗಿತು, ಅಂಚು ಸೊಟ್ಟಗಾಯಿತು. ಅದನ್ನು ತಿದ್ದಲಿಲ್ಲ. ಜರಿ ಇಲ್ಲ, ಹೂವಿಲ್ಲ, ಲೇಸಿಲ್ಲ. ಬಗ್ಗಿ ಕೂತು ಒಂದು ಸಾಲು ಬರೆದಳು. ಮಸಿ ಆರುವ ಮೊದಲೇ ಹುಡುಗಿ ಅದನ್ನು ತೆಗೆದುಕೊಂಡು ಓಡಿದಳು.

ಅಕ್ಕ ಅದನ್ನು ಓದಿದಳು. ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು. ಆಮೇಲೆ ಕತ್ತರಿ ತಾ ಎಂದು ಮಗಳಿಗೆ ಹೇಳಿದಳು. ಆ ಸೊಟ್ಟ ಅಂಚನ್ನು ತನ್ನ ಅದುರುವ ಕೈಯಿಂದ ತಾನೇ ಸವರಿದಳು. ಅದು ಇನ್ನಷ್ಟು ಸೊಟ್ಟಗಾಯಿತು. ಹಾಗೆಯೇ ತಂಗಿಯ ಪುಟಕ್ಕೆ ಅಂಟಿಸಿದಳು.

ಗುರುಗಳು ಕತೆ ಮುಗಿಸಿದರು. ನಿಜಗುಣ ಕಂಕುಳ ಗಂಟನ್ನು ಇತ್ತಿಂದತ್ತ ಬದಲಿಸಿದ. ಹೊಳೆಯ ಕಡೆ ನೋಡಿದ. ಕೊನೆಗೆ ತಡೆಯಲಾರದೆ ಕೇಳಿದ.

"ಅವಳು ಬರೆದದ್ದು ಏನು, ಗುರುಗಳೇ? ಅದು ತಿಳಿದರೆ ಮರುಳಯ್ಯನಿಗೆ ನಾನೂ ಹಾಗೆಯೇ ಹೇಳಿಬಿಡುತ್ತೇನೆ. ಈ ಬಟ್ಟೆ ಒಗೆದು ಬಂದವನೇ ಹೇಳುತ್ತೇನೆ."

ಗುರುಗಳು ಆ ಗಂಟನ್ನೇ ನೋಡಿದರು.

"ಆ ಬಟ್ಟೆ ನೀನು ನಿನ್ನೆಯೇ ಒಗೆದದ್ದಲ್ಲವೇ?"